ಇನ್ನೂ ಸ್ವಲ್ಪ ಮಸುಕು

ನಮ್ಮ ಊರಿನ ಕನ್ನಡಕದ ಅಂಗಡಿಯ ಒಡತಿಯನ್ನು ಚಂದ್ರ ಒಂದೇ ಒಂದು ಸಲ ನೇರವಾಗಿ ನೋಡಿದ. ಅಷ್ಟಕ್ಕೇ ನಾಚಿಕೊಂಡು ಮೋಡದೊಳಗೆ ನುಗ್ಗಿದವನು ಮೂರು ದಿನ ಹೊರಗೇ ಬರಲಿಲ್ಲ. ಸಮುದ್ರಗಳೆಲ್ಲ ಗಾಬರಿಯಾಗಿ ಅಲೆ ಹೊಡೆಯುವುದನ್ನೇ ಮರೆತು ನಿಂತವು. ಕೊನೆಗೆ ಆಕೆಯೇ ಮಹಡಿ ಹತ್ತಿ, "ಪರವಾಗಿಲ್ಲ ಬಾರಪ್ಪ, ನಾನು ಆ ಕಡೆ ತಿರುಗಿ ನಿಲ್ತೀನಿ" ಎಂದು ಸಮಾಧಾನ ಹೇಳಿದ ಮೇಲೆ ಹುಣ್ಣಿಮೆಯಾಯಿತು.

ನಂಬುವುದಿಲ್ಲವೇ? ಬಿಡಿ. ಈ ಕಥೆ ಆ ರೂಪಸಿಯದ್ದಲ್ಲ, ಆಕೆಯ ಅಣ್ಣನ ಮಗಳದ್ದು. ಇಂಥ ಅತ್ತೆಯ ಕೈಯಲ್ಲಿ ಬೆಳೆದ ಹುಡುಗಿ ಎಂಥವಳಿರಬೇಕು ಎಂಬ ಅಂದಾಜು ನಿಮಗೆ ಮೊದಲೇ ಇರಲಿ ಎಂದು ಹೇಳಿದೆ, ಅಷ್ಟೇ.

ಆ ಹುಡುಗಿಯನ್ನು ಅತ್ತೆ 'ಪುಟ್ಟಿ' ಎಂದು ಕರೆಯುತ್ತಿದ್ದರು. ಅಂಗಡಿಯ ಹಿಂದಿನ ಸಣ್ಣ ಕೋಣೆಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಪುಟ್ಟಿಯ ಕೆಲಸ. "ಇದು ಚೆನ್ನಾಗಿ ಕಾಣುತ್ತಾ, ಅದಾ? ಈಗ? ಈಗ?" ಎಂದು ದಿನವಿಡೀ ಕೇಳಿ ಕೇಳಿ ಅವಳಿಗೆ ಒಂದು ವಿಷಯ ಖಚಿತವಾಗಿತ್ತು: ಕಾಣದಿದ್ದರೂ ಕಾಣುತ್ತದೆ ಎನ್ನುವುದು ಮನುಷ್ಯರಿಗೆ ಉಸಿರಾಟದಷ್ಟೇ ಸಹಜ. ಅವಳು ಮಾತ್ರ ಹಾಗಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ನಾಲ್ಕು ಮದುವೆಮನೆ, ಎರಡು ಗೃಹಪ್ರವೇಶಗಳಲ್ಲಿ ಅತ್ತೆಯ ಮಾನ ಕಳೆದಿದ್ದಳು.

ಊರಾಚೆಯ ಗುಡ್ಡದ ಮೇಲೆ ಸಾರ್ವಜನಿಕ ವೀಕ್ಷಣಾಲಯವಿದೆ. ಶನಿವಾರ ಸಂಜೆ ಯಾರು ಬೇಕಾದರೂ ಹೋಗಿ ಸಾಲಿನಲ್ಲಿ ನಿಂತು ದೊಡ್ಡ ದೂರದರ್ಶಕದಲ್ಲಿ ಆಕಾಶ ನೋಡಬಹುದು. ಅತ್ತೆ ಮತ್ತು ಪುಟ್ಟಿ ಮೊದಲ ಸಲ ಹೋದ ದಿನ ಶನಿಗ್ರಹದ ಸರದಿ. ಗುಮ್ಮಟದೊಳಗೆ ಹತ್ತು ಸಾವಿರ ಜನ! ಒಳಗೆ ಮೂವತ್ತು ಜನ ಮಾತ್ರ ಹಿಡಿಸುತ್ತಾರೆ ಎಂದು ಬಾಗಿಲಲ್ಲಿ ಫಲಕವಿದೆ, ನಿಜ. ಬರೆದವರಿಗೆ ಲೆಕ್ಕ ಬರುವುದಿಲ್ಲ.

ಕಣ್ಣು ಕತ್ತಲಿಗೆ ಒಗ್ಗಲಿ ಎಂದು ದೀಪಗಳನ್ನೆಲ್ಲ ಆರಿಸಿದ್ದರು. ನೆಲದ ಹತ್ತಿರ ಒಂದೇ ಒಂದು ಕೆಂಪು ಬಲ್ಬು. ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ. ಆ ಕತ್ತಲಲ್ಲಿ ಒಂದು ಧ್ವನಿ ಮಾತ್ರ ಓಡಾಡುತ್ತಿತ್ತು. ದೂರದರ್ಶಕ ತೋರಿಸುವವನ ಧ್ವನಿ.

"ಇದು ಶನಿ. ಈಗ ನಿಮ್ಮ ಕಣ್ಣಿಗೆ ಬೀಳೋ ಬೆಳಕು ಅಲ್ಲಿಂದ ಹೊರಟು ಒಂದು ಗಂಟೆ ಮೇಲಾಯ್ತು. ಪಾಪ, ಅಷ್ಟು ದೂರದಿಂದ ಬಂದಿದೆ. ದಯವಿಟ್ಟು ಕಣ್ಣು ಮುಚ್ಕೊಂಡು ಅವಮಾನ ಮಾಡ್ಬೇಡಿ."

ಗೋಡೆಯ ಮೇಲಿದ್ದ ಹಲ್ಲಿ ಕೂಡ ಆ ಧ್ವನಿಗೆ ಕಿವಿ ನಿಮಿರಿಸಿತು. ಪುಟ್ಟಿಯ ಕಿವಿಯ ವಿಷಯ ಕೇಳಲೇಬೇಡಿ.

ಮೊದಲು ನಿವೃತ್ತ ಹೆಡ್‌ಮಾಸ್ತರರು ಕಣ್ಣಿಟ್ಟರು. "ಅದ್ಭುತ! ಉಂಗುರದ ಮಧ್ಯದ ಗೆರೆ ಕೂಡ ಕಾಣ್ತಿದೆ."

ಆಮೇಲೆ ಒಬ್ಬ ಮ್ಯಾನೇಜರ್. "ಹೂಂ, ಪರವಾಗಿಲ್ಲ. ನಾನು ಇದಕ್ಕಿಂತ ದೊಡ್ಡದು ನೋಡಿದ್ದೀನಿ."

ಆಮೇಲೆ ಹೊಸದಾಗಿ ಮದುವೆಯಾದವಳು. "ರೀ, ನನಗೂ ಅಂಥದ್ದೇ ಉಂಗುರ ಬೇಕು!"

ಅತ್ತೆಯಂತೂ ಬಹಳ ಹೊತ್ತು ನೋಡಿ, "ಆಹಾ! ಎಂಥ ಬಣ್ಣ, ಎಂಥ ಗಾಂಭೀರ್ಯ!" ಎಂದರು. ಸಾಲಿನಲ್ಲಿದ್ದವರೆಲ್ಲ ತಲೆದೂಗಿದರು.

ಪುಟ್ಟಿ ಮೆಟ್ಟಿಲು ಹತ್ತಿ ಕಣ್ಣಿಟ್ಟಳು.

"ಏನೂ ಕಾಣ್ತಿಲ್ಲ."

ತೂಗುತ್ತಿದ್ದ ತಲೆಗಳೆಲ್ಲ ಅಲ್ಲಲ್ಲೇ ನಿಂತವು.

"ಒಂದು ಕಣ್ಣು ಮುಚ್ಚಿ ನೋಡಿ," ಎಂದಿತು ಧ್ವನಿ.

"ಮುಚ್ಚಿದ್ದೀನಿ."

"ಯಾವ ಕಣ್ಣು?"

"ನೋಡದೇ ಇರೋ ಕಣ್ಣು! ಅಷ್ಟೂ ಗೊತ್ತಾಗಲ್ವಾ ನನಗೆ?"

"ಬೇಜಾರು ಮಾಡ್ಕೋಬೇಡಿ… ನಿಮ್ಮ ದೃಷ್ಟಿ ಏನಾದ್ರೂ ಸ್ವಲ್ಪ…"

"ನನ್ನ ದೃಷ್ಟಿನಾ? ರೀ ಸ್ವಾಮಿ, ಊರಿನ ದೃಷ್ಟಿಯೆಲ್ಲ ಪರೀಕ್ಷೆ ಮಾಡೋಳು ನಾನು! ಇಲ್ಲಿ ಕಪ್ಪು ಬಿಟ್ಟರೆ ಏನೂ ಇಲ್ಲ. ಬೇಕಾದ್ರೆ ನೀವೇ ನೋಡಿ!"

ಅವನು ನೋಡಿದ. ಆಮೇಲೆ ಸರಸರನೆ ಏಣಿ ಹತ್ತಿ ದೂರದರ್ಶಕದ ಬಾಯಿಯ ಹತ್ತಿರ ಕೈಯಾಡಿಸಿದ.

ಢಣಾರ್!

ತಪ್ಪಲೆಯಷ್ಟು ದೊಡ್ಡ ಮುಚ್ಚಳ ನೆಲಕ್ಕೆ ಬಿದ್ದು, ಗುಮ್ಮಟವನ್ನೆಲ್ಲ ಒಂದು ಸುತ್ತು ಹಾಕಿ ಹೆಡ್‌ಮಾಸ್ತರರ ಕಾಲ ಬಳಿ ಮಲಗಿತು. ಸಂಜೆ ಹನಿ ಬಿದ್ದಾಗ ಹಾಕಿದ್ದನಂತೆ, ತೆಗೆಯಲು ಮರೆತಿದ್ದ!

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕತ್ತಲಿದ್ದದ್ದು ಒಳ್ಳೆಯದಾಯಿತು.

"ನನಗೂ ಏನೋ ಅನುಮಾನ ಇತ್ತು," ಎಂದರು ಹೆಡ್‌ಮಾಸ್ತರರು ಮೆಲ್ಲಗೆ.

ಅವನು ಕೆಳಗಿಳಿದು ಪುಟ್ಟಿಯ ಎದುರು ನಿಂತ. ಬೈಯುತ್ತಾನೆ ಎಂದುಕೊಂಡಳು. ಅವನು ನಕ್ಕುಬಿಟ್ಟ!

"ಇಷ್ಟು ಜನರಲ್ಲಿ ನಿಜ ಹೇಳಿದವರು ನೀವೊಬ್ಬರೇ ಕಣ್ರೀ. ಬನ್ನಿ. ಈಗ ನೋಡಿ."

ನೋಡಿದಳು.

ಅಬ್ಬಾ… ಕಪ್ಪು ಬಟ್ಟೆಯ ಮೇಲೆ ಯಾರೋ ಒಂದು ಪುಟ್ಟ ಕಿವಿಯೋಲೆ ಇಟ್ಟು ಮರೆತು ಹೋದ ಹಾಗೆ! ಅಲುಗಾಡದೆ, ಸದ್ದಿಲ್ಲದೆ, ಉಂಗುರ ಸಮೇತ. ಚೂಪಾಗಿ ಕೊರೆದಿಟ್ಟ ಹಾಗೆ ಸ್ಪಷ್ಟ. ಅವಳ ಕಣ್ಣಲ್ಲಿ ನೀರೇ ಬಂತು.

"ಕಾಣಿಸ್ತಾ?" ಕಿವಿಯ ಪಕ್ಕದಲ್ಲೇ ಕೇಳಿದ, ಮೆಲ್ಲಗೆ.

ಹೌದು ಎನ್ನಬೇಕಿತ್ತು. ಹೌದು ಎಂದರೆ ಇಳಿಯಬೇಕು. ಇಳಿದರೆ ಹಿಂದಿನವರ ಸರದಿ. ಈ ಧ್ವನಿ ಅವರ ಕಿವಿಯ ಪಕ್ಕಕ್ಕೆ ಹೋಗುತ್ತದೆ…

ಹುಟ್ಟಿದಾಗಿನಿಂದ ಸುಳ್ಳಾಡದ ಪುಟ್ಟಿಯ ಬಾಯಿಂದ ಮಾತು ತಾನಾಗಿಯೇ ಜಾರಿತು.

"ಕಾಣಿಸ್ತು… ಆದ್ರೆ… ಸ್ವಲ್ಪ ಮಸುಕು."

"ಹೌದಾ? ಇರಿ." ಅವನು ತಿರುಪು ತಿರುಗಿಸಿದ. "ಈಗ?"

"ಊಹೂಂ."

"ಈಗ?"

"ಇನ್ನೂ ಸ್ವಲ್ಪ…"

ದಿನವಿಡೀ ತಾನು ಕೇಳುವ ಮಾತನ್ನೇ ಇನ್ನೊಬ್ಬರು ತನಗಾಗಿ ಕೇಳಿದರೆ ಇಷ್ಟು ಸುಖವಿರುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ!

ಮರುದಿನ ಬೆಳಗಾಗುವುದರೊಳಗೆ ಊರು ಅವನಿಗೆ 'ಮುಚ್ಚಳ' ಎಂದು ಹೆಸರಿಟ್ಟಿತು. ಮುಚ್ಚಳ ಹಾಕಿದ ದೂರದರ್ಶಕದಲ್ಲಿ ಶನಿಯನ್ನು ಕಂಡವರೇ ಆ ಹೆಸರನ್ನು ಹೆಚ್ಚು ಜೋರಾಗಿ ಹೇಳಿದರು.

ಪುಟ್ಟಿ ಮುಂದಿನ ಶನಿವಾರವೂ ಹೋದಳು. ಅದರ ಮುಂದಿನದಕ್ಕೂ. ಗುರುಗ್ರಹ ತೋರಿಸಿದ, ಪಟ್ಟೆಗಳು ಮಸುಕು. ಚಂದ್ರನನ್ನು ತೋರಿಸಿದ, ಕುಳಿಗಳ ಅಂಚು ಮಸುಕು. ಜೋಡಿ ನಕ್ಷತ್ರ ತೋರಿಸಿ, "ಒಂದು ಹಳದಿ, ಒಂದು ನೀಲಿ. ಬರಿಗಣ್ಣಿಗೆ ಒಂದೇ ಅನ್ನಿಸುತ್ತೆ, ಹತ್ತಿರದಿಂದ ನೋಡಿದರೆ ಇಬ್ಬರು," ಎಂದ.

"ಇಬ್ಬರೂ… ಸ್ವಲ್ಪ ಮಸುಕಾಗಿದ್ದಾರೆ," ಎಂದಳು.

ಹಿಂದಿನಿಂದ ಜನ ಗೊಣಗತೊಡಗಿದರು. "ರೀ ಮೇಡಂ, ನಾವೂ ನೋಡ್ಬೇಕು!"

"ಅವರಿಗೆ ಸರಿಯಾಗಿ ಕಾಣೋವರೆಗೂ ಯಾರಿಗೂ ಕಾಣೋದು ಬೇಡ," ಎಂದ ಮುಚ್ಚಳ. "ಅವರು ನಿಜ ಹೇಳೋರು."

ಪುಟ್ಟಿಯ ಅಷ್ಟು ಹೊತ್ತಿನ ಖುಷಿಯೆಲ್ಲ ಇಳಿದುಹೋಯಿತು.

ಅಂಗಡಿಯಲ್ಲಿ ಅತ್ತೆ ಬಿಡಲಿಲ್ಲ. "ಏನೇ, ಈ ವಾರ ಯಾವ ಗ್ರಹ ಮಸುಕು?"

"ಹವಾಮಾನ ಸರಿ ಇರಲಿಲ್ಲ ಅತ್ತೆ."

"ಆಕಾಶದ್ದಾ, ನಿನ್ನದಾ?"

"ಅತ್ತೇ!"

"ಕೂಗ್ಬೇಡ, ಗಿರಾಕಿ ಇದ್ದಾರೆ. ಅವರಿಗೆ ದೂರದ್ದು ಕಾಣಲ್ಲ, ನಿನಗೆ ಹತ್ತಿರದ್ದು ಕಾಣಲ್ಲ. ಹೇಳಿಬಿಡೇ ಹೋಗಿ ಅವನಿಗೆ."

ಹೇಳಬೇಕು ಎಂದುಕೊಂಡೇ ಆ ಶನಿವಾರ ಗುಡ್ಡ ಹತ್ತಿದಳು. ಗುಮ್ಮಟದ ಬಾಗಿಲಲ್ಲಿ 'ದುರಸ್ತಿ ನಡೆಯುತ್ತಿದೆ' ಎಂಬ ಫಲಕ! ಇಣುಕಿ ನೋಡಿದಳು. ದೂರದರ್ಶಕದ ಬುಡ ಬಿಚ್ಚಿ ಬಿದ್ದಿತ್ತು. ನೆಲದ ಮೇಲೆ ಕೆರೆಯಷ್ಟು ದೊಡ್ಡ ಟಬ್ಬು, ಅದರಲ್ಲಿ ದೂರದರ್ಶಕದ ದೊಡ್ಡ ಕನ್ನಡಿ. ಅದೇ ಕೆಂಪು ಬಲ್ಬಿನ ಮಬ್ಬಿನಲ್ಲಿ ಅವನು ಅಂಗಿಯ ತೋಳು ಮಡಚಿ, ಮಂಡಿಯೂರಿ, ಹಸುಗೂಸಿಗೆ ಸ್ನಾನ ಮಾಡಿಸುವ ಹಾಗೆ ಹತ್ತಿಯಿಂದ ಅದನ್ನು ತೊಳೆಯುತ್ತಿದ್ದ.

"ಇದೇನ್ರೀ ಇದು!"

"ಬಂದ್ರಾ?" ಬೆನ್ನು ಹಿಡಿದುಕೊಂಡು ಎದ್ದ. "ನೀವು ಇಷ್ಟು ವಾರದಿಂದ ಮಸುಕು ಅಂತಿದ್ದೀರಲ್ಲ. ನನ್ನ ಕಣ್ಣಿಗೆ ಎಲ್ಲ ಸರಿಯಾಗೇ ಕಾಣ್ತಿತ್ತು. ಉಳಿದವರ 'ಆಹಾ'ದ ಯೋಗ್ಯತೆ ಏನು ಅಂತ ನಾವಿಬ್ಬರೂ ನೋಡಿದ್ದೀವಿ. ನಿಮ್ಮ ಮಾತನ್ನ ನಂಬದೆ ಇನ್ಯಾರ ಮಾತನ್ನ ನಂಬಲಿ? ಎಲ್ಲ ಬಿಚ್ಚಿಬಿಟ್ಟೆ."

ಪುಟ್ಟಿ ಟಬ್ಬಿನಲ್ಲಿದ್ದ ಕನ್ನಡಿಯನ್ನೇ ನೋಡಿದಳು.

'ಹೇಳು… ಈಗಲೇ ಹೇಳು… ನಿನ್ನ ಒಂದು ಸುಳ್ಳಿಗೆ ಇವನ ಬೆನ್ನು ಮುರಿದಿದೆ…'

ಆದರೆ ಹೇಳಿದರೆ? ಇವನು ತನ್ನನ್ನು ಇಷ್ಟು ಗೌರವದಿಂದ ನೋಡುತ್ತಿರುವುದೇ ಸುಳ್ಳು ಹೇಳದವಳು ಎಂದು. ಅದೊಂದು ಹೋದರೆ ತನ್ನ ಹತ್ತಿರ ಇನ್ನೇನಿದೆ?

"ಹತ್ತಿ… ಹತ್ತಿ ಹಿಡ್ಕೊಳ್ಳಲಾ?" ಎಂದಷ್ಟೇ ಕೇಳಿದಳು.

ಮುಂದಿನ ಶನಿವಾರದ ಹೊತ್ತಿಗೆ ಕನ್ನಡಿ ತನ್ನ ಜಾಗಕ್ಕೆ ಮರಳಿತ್ತು. ಅವನು ಜನರನ್ನೆಲ್ಲ ಹೊರಗೆ ನಿಲ್ಲಿಸಿ ಮೊದಲು ಅವಳನ್ನು ಕರೆದ. ಕೆಂಪು ಬೆಳಕಲ್ಲಿ ಮುಖ ಕಾಣದಿದ್ದರೂ ಧ್ವನಿಯಲ್ಲೇ ಅವನ ಆಯಾಸ ತಿಳಿಯುತ್ತಿತ್ತು.

"ನೋಡಿ. ಈಗ?"

ಈ ಸಲ ಪುಟ್ಟಿ ನಿರ್ಧಾರ ಮಾಡಿಕೊಂಡೇ ಬಂದಿದ್ದಳು. ಕಣ್ಣಿಟ್ಟಳೋ ಇಲ್ಲವೋ, "ಆಹಾ! ಸ್ಪಷ್ಟ! ತುಂಬಾ ಸ್ಪಷ್ಟ! ಇಷ್ಟು ಚೆನ್ನಾಗಿ ಯಾವತ್ತೂ ಕಂಡಿರಲಿಲ್ಲ!" ಎಂದು ಒಂದೇ ಉಸಿರಿಗೆ ಅಂದುಬಿಟ್ಟಳು.

ಅವನ ಕೈ ತಿರುಪಿನ ಮೇಲಿಂದ ಕೆಳಗಿಳಿಯಿತು.

"ನೀವೂನಾ?" ಎಂದ.

"ಏನು?"

"ಕಣ್ಣಿಡೋಕೆ ಮುಂಚೆನೇ 'ಆಹಾ' ಅಂದ್ರಿ. ಪಾಪ, ಕಷ್ಟಪಟ್ಟಿದ್ದಾನೆ, ಬೇಜಾರಾಗದಿರಲಿ ಅಂತ ತಾನೇ? ಎಲ್ಲರೂ ನನಗೆ ಹೀಗೇ ಸಮಾಧಾನ ಮಾಡ್ತಾರೆ. ನೀವೊಬ್ಬರು ಮಾಡಲ್ಲ ಅಂದ್ಕೊಂಡಿದ್ದೆ."

"ಇಲ್ಲ ರೀ, ನಿಜವಾಗ್ಲೂ—"

"ಬೇಡ ಬಿಡಿ." ಅವನು ಬಾಗಿಲು ತೆಗೆದ. "ಬನ್ನಿ, ಮುಂದಿನವರು."

ಅಯ್ಯೋ! ಸುಳ್ಳು ಹೇಳಿದಾಗ ಕಣ್ಣು ಮುಚ್ಚಿ ನಂಬಿದವನು ನಿಜ ಹೇಳಿದಾಗ ನಂಬಲಿಲ್ಲ!

ಆ ರಾತ್ರಿ ಪುಟ್ಟಿ ಅತ್ತ ಕಣ್ಣೀರಿಗೆ ಬೀದಿಯ ಚರಂಡಿಗಳೆಲ್ಲ ತುಂಬಿ ಹರಿದವು. ಬೆಳಗ್ಗೆ ಹಾಲಿನವನು ದೋಣಿಯಲ್ಲಿ ಬಂದ. ಅತ್ತೆ ಮಾತ್ರ ಕಲ್ಲಿನಂತೆ ಕೂತಿದ್ದರು. ಆಕೆ ಹುಟ್ಟಿದ ದಿನವೂ ಅತ್ತವರಲ್ಲ!

ವಾರದ ಮಧ್ಯದಲ್ಲಿ ಒಂದು ಮಧ್ಯಾಹ್ನ ಅಂಗಡಿಯ ಬಾಗಿಲು ತೆರೆಯಿತು. ಎಣ್ಣೆ ಕಲೆಯ ನೀಲಿ ಸ್ವೆಟರಿನ, ಕೆದರಿದ ಕೂದಲಿನ ಒಬ್ಬ ಯುವಕ ಒಳಗೆ ಬಂದ. ಬಿಸಿಲಿಗೆ ಅಭ್ಯಾಸವಿಲ್ಲದವನ ಹಾಗೆ ಕಣ್ಣು ಕಿರಿದಾಗಿಸಿಕೊಂಡಿದ್ದ. ಪುಟ್ಟಿಗೆ ಯಾರೆಂದು ತಿಳಿಯಲಿಲ್ಲ. ಅವನು ಬಾಯಿ ತೆರೆದ ಮೇಲೆ ಅವಳ ಕೈಯಲ್ಲಿದ್ದ ಚೌಕಟ್ಟು ಕೆಳಗೆ ಬಿತ್ತು.

"ಕಣ್ಣು ಪರೀಕ್ಷೆ ಮಾಡಿಸ್ಬೇಕಿತ್ತು."

ಇದಾ ಆ ಧ್ವನಿಯ ಮುಖ! ಕೆನ್ನೆಯಲ್ಲಿ ಒಂದು ಸಣ್ಣ ಗುಳಿ ಇದೆ ಎಂದು ಕೆಂಪು ಬಲ್ಬು ಒಂದು ದಿನವೂ ಹೇಳಿರಲಿಲ್ಲ.

"ಏನು ತೊಂದರೆ?" ಎಂದು ಕೇಳಿದವರು ಅತ್ತೆ. ಪುಟ್ಟಿಗೆ ನಾಲಗೆ ಎಲ್ಲಿದೆ ಎಂದೇ ನೆನಪಿರಲಿಲ್ಲ.

"ಟೆಲಿಸ್ಕೋಪ್ ಸರಿ ಇದೆ ಅಂತ ನನ್ನ ಕಣ್ಣು ಹೇಳುತ್ತೆ. ಸರಿ ಇಲ್ಲ ಅಂತ ಇವರ ಕಣ್ಣು ಹೇಳ್ತು. ಹಾಗಾದ್ರೆ ಕೆಟ್ಟಿರೋದು ನನ್ನ ಕಣ್ಣೇ." ಅವನು ತಲೆ ತಗ್ಗಿಸಿದ. "ಕಣ್ಣು ಸರಿ ಇಲ್ಲದವನು ಜನಕ್ಕೆ ಆಕಾಶ ತೋರಿಸ್ಬಾರದು. ದೊಡ್ಡ ಕಚೇರಿಯಲ್ಲಿ ಮೇಜಿನ ಮುಂದೆ ಕೂರೋ ಒಂದು ಕೆಲಸ ಇದೆ, ಇಲ್ಲಿಂದ ರೈಲಲ್ಲಿ ಒಂದು ರಾತ್ರಿಯ ದಾರಿ. ಸೋಮವಾರ ಹೋಗ್ತೀನಿ ಅಂತ ಹೇಳಿದ್ದೀನಿ. ಅದಕ್ಕೆ ಮುಂಚೆ ಒಂದ್ಸಲ ಖಚಿತ ಮಾಡ್ಕೊಳ್ಳೋಣ ಅಂತ ಬಂದೆ."

ಪುಟ್ಟಿ ಅವನನ್ನು ಹಿಂದಿನ ಕೋಣೆಗೆ ಕರೆದೊಯ್ದಳು. ಪರೀಕ್ಷೆಯ ದಪ್ಪ ಚೌಕಟ್ಟನ್ನು ಅವನ ಮೂಗಿನ ಮೇಲೆ ಕೂರಿಸಿದಳು.

"ಓದಿ."

ಅವನು ಓದಿದ. ಮೇಲಿನ ದೊಡ್ಡ ಅಕ್ಷರದಿಂದ ಕೆಳಗಿನ ಇರುವೆಯಂಥ ಅಕ್ಷರದವರೆಗೆ. ಫಲಕದ ಮೂಲೆಯಲ್ಲಿದ್ದ ಮುದ್ರಣಾಲಯದ ವಿಳಾಸವನ್ನೂ ಓದಿದ! ಹದ್ದು ಕೂಡ ಅಸೂಯೆಪಡುವ ಕಣ್ಣು.

ಪುಟ್ಟಿ ದೀಪ ಹಾಕಲು ಕೈ ಎತ್ತಿದಳು. ಈಗ ಹೇಳಲೇಬೇಕು. ಇವನ ಕಣ್ಣು ಸರಿ ಇದೆ ಎಂದರೆ ತಾನು ಸುಳ್ಳಿ ಎಂದೇ ಅರ್ಥ. ಇಲ್ಲ ಎಂದರೆ ಅವನು ಸೋಮವಾರದ ರೈಲು ಹತ್ತುತ್ತಾನೆ…

"ಮುಗೀತು," ಎಂದಳು.

"ಇರಿ! ಎಡಗಣ್ಣು… ಎಡಗಣ್ಣು ಸ್ವಲ್ಪ ಮಸುಕು."

ಪುಟ್ಟಿ ಹುಬ್ಬೇರಿಸಿದಳು. ಈಗಷ್ಟೇ ಅದೇ ಕಣ್ಣಲ್ಲಿ ಮುದ್ರಣಾಲಯದ ವಿಳಾಸ ಓದಿದ್ದ. ಕಣ್ಣು ಪರೀಕ್ಷೆ ಮಾಡುವವರ ಬಳಿ ಇಂಥದ್ದಕ್ಕೆ ಒಂದು ಉಪಾಯವಿರುತ್ತದೆ. ಪೆಟ್ಟಿಗೆಯಿಂದ ಒಂದು ಗಾಜು ತೆಗೆದು ಚೌಕಟ್ಟಿಗೆ ಹಾಕಿದಳು.

"ಈಗ?"

"ಪರವಾಗಿಲ್ಲ… ಸ್ವಲ್ಪ ವಾಸಿ."

ಅದನ್ನೇ ತೆಗೆದು ಮತ್ತೆ ಅದನ್ನೇ ಹಾಕಿದಳು. "ಈಗ?"

"ಓ! ಈಗ ತುಂಬಾ ಚೆನ್ನಾಗಿದೆ. ಆದ್ರೂ ಇನ್ನೊಂದು ನಾಲ್ಕೈದು ಹಾಕಿ ನೋಡಿ."

"ಇದು ಬರೀ ಗಾಜು ರೀ! ಪವರ್ರೇ ಇಲ್ಲ ಇದಕ್ಕೆ. ಸುಳ್ಳು ಹೇಳೋರನ್ನ ಹಿಡಿಯೋಕೆ ಇಟ್ಟಿರೋದು!"

ದಪ್ಪ ಚೌಕಟ್ಟಿನ ಹಿಂದೆ ಅವನ ಕಿವಿ ಕೆಂಪಾಯಿತು.

"ಯಾಕೆ ಸುಳ್ಳು ಹೇಳಿದ್ರಿ?"

"ಮುಗೀತು ಅಂದ್ರಲ್ಲ…" ಅವನು ಚೌಕಟ್ಟು ಸರಿಮಾಡಿಕೊಂಡ. "ಮುಗಿದರೆ ಎದ್ದು ಹೋಗ್ಬೇಕಲ್ಲ ಅಂತ."

ಪುಟ್ಟಿ ಪಕ್ಕದ ಸ್ಟೂಲಿನ ಮೇಲೆ ಧಪ್ಪನೆ ಕೂತುಬಿಟ್ಟಳು. ನಗು ಬಂತು. ನಗುವಿನ ಹಿಂದೆಯೇ ಅಳು ಬಂತು. ಎರಡೂ ಒಟ್ಟಿಗೆ ಬಂದು ಬಿಕ್ಕಳಿಕೆಯಾಯಿತು.

"ಏನಾಯ್ತು? ನನ್ನ ಕಣ್ಣಲ್ಲಿ ಏನಾದ್ರೂ ದೊಡ್ಡ ತೊಂದರೆನಾ?"

"ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ನಿಮ್ಮ ಟೆಲಿಸ್ಕೋಪಿಗೂ ಏನೂ ಆಗಿರಲಿಲ್ಲ. ಶನಿ ಮೊದಲ ದಿನವೇ ಸ್ಪಷ್ಟವಾಗಿತ್ತು. ಗುರು, ಚಂದ್ರ, ಆ ಹಳದಿ, ಆ ನೀಲಿ… ಎಲ್ಲ ಸ್ಪಷ್ಟವಾಗಿತ್ತು."

ಅವನು ಚೌಕಟ್ಟು ತೆಗೆದ. "ನಾನು ಕನ್ನಡಿ ಬಿಚ್ಚಿದೆ!"

"ಗೊತ್ತು."

"ಬೆನ್ನು ಇನ್ನೂ ನೆಟ್ಟಗಾಗಿಲ್ಲ!"

"ಗೊತ್ತು."

"ಮೇಜಿನ ಕೆಲಸಕ್ಕೆ ಹೂಂ ಅಂದುಬಿಟ್ಟಿದ್ದೀನಿ! ಯಾಕೆ ಹೀಗೆ ಮಾಡಿದ್ರಿ?"

"ಕಾಣಿಸ್ತು ಅಂದ್ರೆ ಇಳೀಬೇಕಲ್ಲ!" ಎಂದು ಕೂಗಿಯೇ ಬಿಟ್ಟಳು ಪುಟ್ಟಿ. "ನಾನು ಸುಳ್ಳಿ. ಸುಳ್ಳು ಹೇಳದವಳು ಅಂತ ನಂಬಿದ್ರಿ, ಅದನ್ನ ಕಳ್ಕೊಳ್ಳೋಕೆ ಭಯ ಆಯ್ತು. ಬೈದು ಹೋಗಿ ಬೇಕಾದ್ರೆ. ಆದ್ರೆ ಕಣ್ಣು ಸರಿ ಇಲ್ಲ ಅಂದ್ಕೊಂಡು ಹೋಗ್ಬೇಡಿ…"

ಆಮೇಲೇನಾಯಿತು ಎನ್ನುತ್ತೀರಾ? ಕೇಳಿ! ಅವನು ಕುರ್ಚಿಯಿಂದ ಛಂಗನೆ ಹಾರಿ ಅವಳ ಎರಡೂ ಕೈ ಹಿಡಿದು, "ಓ ನನ್ನ ಬಾಳಿನ ಬೆಳ್ಳಿಚುಕ್ಕಿಯೇ! ನೀನಿಲ್ಲದ ಆಕಾಶ ನನಗೆ ತೂತು ಬಿದ್ದ ಕಂಬಳಿ!" ಎಂದು ಗರ್ಜಿಸಿದ. ಅವಳು "ಓ ನನ್ನ ಗ್ರಹನಾಥನೇ!" ಎಂದು ಅವನ ತೋಳಿನಲ್ಲಿ ಮೂರ್ಛೆ ಹೋದಳು. ಅಂಗಡಿಯ ಕನ್ನಡಕಗಳೆಲ್ಲ ನಾಚಿ ತಾವಾಗಿಯೇ ಮಂಜು ಹಿಡಿದವು. ಹಗಲು ಹೊತ್ತಿನಲ್ಲೇ ಏಳೂ ಗ್ರಹಗಳು ಅಂಗಡಿಯ ಮುಂದೆ ಸಾಲುಗಟ್ಟಿ…

"ಅತ್ತೇ! ಗ್ರಹನಾಥನಾ?!"

ಬರೆಯುತ್ತಾ ಕೂತ ನನ್ನ ಬೆನ್ನ ಹಿಂದೆ ಪುಟ್ಟಿ ಯಾವಾಗ ಬಂದು ನಿಂತಿದ್ದಳೋ! ಅವಳ ಹಿಂದೆ ಅವನೂ ಇದ್ದಾನೆ. ಇಡೀ ಕಥೆ ಓದಿದ್ದಾರೆ ಇಬ್ಬರೂ. ನಗು ತಡೆದು ಅವನ ಕೆನ್ನೆಯ ಗುಳಿ ಬಾವಿಯಾಗಿದೆ.

ಸರಿ, ಒಪ್ಪಿಕೊಳ್ಳುತ್ತೇನೆ. ಆ ಅತ್ತೆ ನಾನೇ.

"ನನ್ನ ಮನಸ್ಸಿನ ಮಾತೆಲ್ಲ ನಿಮಗೆ ಹೇಗೆ ಗೊತ್ತಾಯ್ತು?"

"ನಿನ್ನ ಮುಖದ ಮೇಲೆ ಬರೆದಿರುತ್ತೆ ಕಣೇ, ಅದನ್ನ ಓದೋಕೆ ಕನ್ನಡಕ ಬೇಡ."

"ಮತ್ತೆ ಈ ಬೆಳ್ಳಿಚುಕ್ಕಿ, ಕಂಬಳಿ?"

"ನೀವು ಬಾಗಿಲು ಹಾಕ್ಕೊಂಡ್ರಿ. ಮುಂದಿನದು ಕೇಳಿಸಲಿಲ್ಲ. ಓದೋರಿಗೆ ಅರ್ಧಕ್ಕೇ ಬಿಡೋಕಾಗುತ್ತಾ?"

"ಬಾಗಿಲು ತೆರೆದೇ ಇತ್ತು ಅತ್ತೆ," ಎಂದ ಅವನು, ಮೆಲ್ಲಗೆ. "ನೀವು ಹೊರಗೆ ನಿಂತು ಮೂಗು ಸೀಟ್ಕೊಳ್ತಿದ್ದದ್ದು ನಮಗೆ ಕೇಳ್ತಿತ್ತು."

ಛೆ. ಅದೂ ನಿಜ. ಅಳುತ್ತಿದ್ದೆ. ತಾಯಿಯಿಲ್ಲದ ಮಗು, ಎತ್ತಿ ಆಡಿಸಿದ ಕೈ ಇದು. 'ಹೋಗಬೇಡಿ' ಎಂದು ಅವಳು ಯಾರಿಗೂ ಹೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ನನ್ನ ಅಳುವಿನ ಸದ್ದಿಗೆ ಮುಂದಿನ ಮಾತು ನನಗೇ ಕೇಳಿಸಲಿಲ್ಲ. ಅದಕ್ಕೇ ಗ್ರಹಗಳನ್ನೆಲ್ಲ ಕರೆಸಬೇಕಾಯಿತು.

"ಹಾಗಾದ್ರೆ ನೀವೇ ಹೇಳಿ. ಏನೂ ಸೇರಿಸದೆ ಬರೀತೀನಿ," ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಬ್ಬರ ನಂತರ ಒಬ್ಬರು ಹೇಳಿದರು. ಇಷ್ಟೇ:

"ಸೋಮವಾರ ಬರಲ್ಲ ಅಂತ ಕಚೇರಿಯವರಿಗೆ ಹೇಳಿಬಿಡ್ತೀನಿ."

"ಕೋಪ ಇಲ್ವಾ?"

"ಇದೆ. ಬೆನ್ನು ನೋವು ಹೋಗೋವರೆಗೂ ಇರುತ್ತೆ. ಶನಿವಾರ ಬರ್ತೀರಾ?"

"ಬರ್ತೀನಿ. ಆದ್ರೆ ಕಾಣಿಸ್ತು ಅಂತಾನೇ ಹೇಳ್ತೀನಿ. ಹೇಳಿ ಇಳಿದುಬಿಡ್ತೀನಿ."

"ಇಳಿದು?"

"ನಿಮ್ಮ ಪಕ್ಕ ನಿಲ್ತೀನಿ."

"ಎಷ್ಟು ಹೊತ್ತು?"

"ಕೊನೆಯವರು ನೋಡಿ ಹೋಗೋವರೆಗೂ."

"ಆಮೇಲೆ?"

"ಆಮೇಲೆ… ಒಟ್ಟಿಗೆ ಗುಡ್ಡ ಇಳಿಯೋಣ. ನಿಧಾನವಾಗಿ."